ಬಿಸಿ ಸಾಲದು

ಒಪ್ಪಿಬಿಡುತ್ತೇನೆ: ನನಗೆ ಹೋಟೆಲಿನ ಹುಚ್ಚು.
ಊರು ನೋಡಲೆಂದು ಹೊರಟವಳಲ್ಲ ನಾನು,
ಊರೊಂದು ನೆಪ.
ಗೋಪುರ, ಕೋಟೆ, ಮ್ಯೂಸಿಯಮ್ಮು
ಇದ್ದಲ್ಲೇ ಇರುತ್ತವೆ, ಇರಲಿ.
ನನಗೆ ಬೇಕಾದ್ದು
ಹಿತ್ತಾಳೆ ಗುಂಡು ಕಟ್ಟಿದ, ಅಂಗೈ ತುಂಬುವ ಬೀಗದ ಕೈ,
ನಾಲ್ಕು ಕಾಲೂರಿ ನಿಂತ ಸ್ನಾನದ ತೊಟ್ಟಿ,
ಕಾಗದದ ಅಂಗಿ ತೊಟ್ಟ ಪುಟಾಣಿ ಸೋಪು
(ತೆರೆಯದೆ ಚೀಲಕ್ಕಿಳಿಸಿದ್ದೇನೆ, ಮೂರು),
ಮತ್ತು ನಾನು ಮಡಿಸಬೇಕಿಲ್ಲದ ಹೊದಿಕೆ.

ಫೆಬ್ರವರಿ. ಟ್ರಿಯೆಸ್ತೆ.
ಬೋರಾ ಎಂಬ ಗಾಳಿ ಬೆಟ್ಟದಿಂದಿಳಿದು
ಕಡಲಿಗೆ ಬೀಳುವ ಅವಸರದಲ್ಲಿ
ಸಿಕ್ಕವರ ಟೋಪಿ ಕಿತ್ತುಕೊಂಡು ಓಡುತ್ತದೆ.
ಬೀದಿ ಮೂಲೆಯಲ್ಲಿ ನಾನೊಂದು ಕಂಬ ತಬ್ಬಿ ನಿಂತೆ,
ಎದುರು ಕಂಬಕ್ಕೆ ಒಬ್ಬ ಪಾದ್ರಿ.
ಏನೋ ಅಂದರು ಆತ. ಗಾಳಿ ಅದನ್ನೂ ಒಯ್ದಿತು.

ತಿರುಗುಬಾಗಿಲು ನನ್ನನ್ನು ಒಳಕ್ಕೆ ಸುರಿದದ್ದೇ
ಕಿವಿಯಲ್ಲಿ ಹತ್ತಿ ಇಟ್ಟಂಥ ಮೌನ.
ಊಟದ ಕೋಣೆಯಲ್ಲಿ ಮೇಣದ ದೀಪ
ಅಲುಗಲಿಲ್ಲ, ಒಂದು ಕೂದಲೆಳೆಯಷ್ಟೂ.

ಲಿವಿಯೊ ತಂದಿಟ್ಟ ಮೊದಲ ತಟ್ಟೆ:
ಆಲೂಗಡ್ಡೆ ಹಿಟ್ಟಿನ ಉಂಡೆ, ಒಡೆದರೆ ಇಡೀ ಪ್ಲಮ್ ಹಣ್ಣು,
ಓಟೆಯಿದ್ದಲ್ಲಿ ಕರಗಿದ ಸಕ್ಕರೆ,
ಮೇಲೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಪುಡಿ, ಚೂರು ದಾಲ್ಚಿನ್ನಿ.
ಹೂರಣದ ಕಡುಬಿಗೆ ಕಡಲಾಚೆ ಹುಟ್ಟಿದ ತಂಗಿ!
ಇದು ಊಟವೋ ಸಿಹಿಯೋ, ಕೇಳಿದೆ.
‘ನಮ್ಮಲ್ಲೂ ಇನ್ನೂ ತೀರ್ಮಾನವಾಗಿಲ್ಲ ಮೇಡಂ’ ಎಂದ.

ಅಷ್ಟರಲ್ಲಿ ಬಂದಳು ನಿವೆಸ್.
ಎಪ್ಪತ್ತು ದಾಟಿದ ಬೆನ್ನು, ಕಡುನೀಲಿ ಕೋಟು,
ಗಾಳಿಗೆ ಸೋಲದಂತೆ ಗದ್ದಕ್ಕೆ ಬಿಗಿದ ವಸ್ತ್ರ.
ಲಿವಿಯೊ ಕುರ್ಚಿ ಎಳೆದ, ರಾಯಭಾರಿಗೆ ಎಳೆಯುವಂತೆ.
ಕೂತವಳು ಮೆನು ಮುಟ್ಟಲಿಲ್ಲ.
ಮೇಜುವಸ್ತ್ರದ ಅಂಚು ಮಗುಚಿ
ಹೆಬ್ಬೆರಳಿಂದ ಹೊಲಿಗೆ ಸವರಿ
ನಾಲಗೆ ಲೊಚಗುಟ್ಟಿದಳು.

ಅವಳ ಇಟಾಲಿಯನ್ನು, ನನ್ನ ಇಂಗ್ಲಿಷು,
ನಡುವೆ ತಟ್ಟೆ ಹಿಡಿದ ಲಿವಿಯೊ, ಹೀಗೆ ತಿಳಿದದ್ದು:
ಮೂವತ್ತೊಂದು ವರ್ಷ ಇದೇ ಕಟ್ಟಡದ ನೆಲಮಾಳಿಗೆಯಲ್ಲಿ
ಗಂಜಿ ಹಾಕಿದವಳು, ಇಸ್ತ್ರಿ ಒತ್ತಿದವಳು.
ಈ ಕೋಣೆಯ ಪ್ರತಿ ಕಲೆಯೂ ಗೊತ್ತಿತ್ತು ಅವಳಿಗೆ,
ವೈನು, ಕಾಫಿ, ಮದುವೆಯೂಟದ ಮಾರನೆಯ ದಿನ ಲಿಪ್‌ಸ್ಟಿಕ್ಕು.
ಕೋಣೆ ಮಾತ್ರ ಗೊತ್ತಿರಲಿಲ್ಲ.
ಈಗ ತಿಂಗಳ ಮೊದಲ ಗುರುವಾರ, ಪೆನ್ಶನ್ ಬಂದ ಮೇಲೆ,
ಕಿಟಕಿ ಪಕ್ಕ, ಒಬ್ಬಳೇ.

ಅವಳ ಮುಂದೆ ಯೋಟಾ ಬಂತು,
ಹುಳಿ ಬರಿಸಿದ ಎಲೆಕೋಸಿನ ಸಾರು, ಕಾಳು, ಹೊಗೆಯ ವಾಸನೆ.
ಹಬೆ ಅವಳ ಕನ್ನಡಕ ಮಸುಕಾಗಿಸಿತು.
ಒಂದು ಚಮಚ. ತುಟಿ ಒರೆಸಿಕೊಂಡಳು.
‘ಬಿಸಿ ಸಾಲದು.’

ಲಿವಿಯೊ ತಲೆಬಾಗಿ ಬಟ್ಟಲೆತ್ತಿಕೊಂಡು ಹೋದ.
ನಾನು ಕೂತಲ್ಲಿಂದ ಅಡುಗೆಮನೆ ಬಾಗಿಲ ಗಾಜು ಕಾಣುತ್ತದೆ.
ಒಳಗೆ ಗೋಡೆಗೊರಗಿ ನಿಂತ, ಬಟ್ಟಲು ಕೈಯಲ್ಲೇ,
ಯಾರೊಂದಿಗೋ ಫುಟ್‌ಬಾಲ್ ಮಾತಾಡಿದ.
ಅದೇ ಬಟ್ಟಲು ಮರಳಿ ಬಂತು.
ಈಗ ನಿಜಕ್ಕೂ ಆರಿತ್ತು, ಹಬೆಯಿಲ್ಲ.
ನಿವೆಸ್ ಒಂದು ಚಮಚ ಹೀರಿ
ಕಣ್ಣು ಮುಚ್ಚಿ,
‘ಹ್ಞಾ, ಈಗ ಸರಿ’ ಎಂದಳು.
ನನ್ನತ್ತ ತಿರುಗಿ ಹುಬ್ಬು ಹಾರಿಸಿದಳೋ,
ಕನ್ನಡಕ ಸರಿಮಾಡಿಕೊಂಡಳೋ.

ರಾತ್ರಿ ಹಾಸಿಗೆಯಲ್ಲಿ ಗರಿಗರಿ ಬಟ್ಟೆಯ ನಡುವೆ
ಅಂಚೆಗೆ ಹಾಕಿದ ಕಾಗದದಂತೆ ಮಲಗಿದೆ.
ಸುಖವಾಗಿತ್ತು. ಸುಳ್ಳೇಕೆ,
ಕೆಳಗಿನ ನೆಲಮಾಳಿಗೆ ನೆನಪಾದ ಮೇಲೂ ಸುಖವಾಗಿತ್ತು.
ಮಡಿಕೆಯ ಗೆರೆಗಳ ಮೇಲೆ ಬೆರಳಾಡಿಸಿದೆ:
ಒಂದು ಸೊಟ್ಟ.
ನಾಲಗೆ ಲೊಚಗುಟ್ಟಲು ನೋಡಿದೆ, ಬರಲಿಲ್ಲ.

ಬೆಳಿಗ್ಗೆ ಗಾಜಿನ ಪುಟ್ಟ ಲೋಟದಲ್ಲಿ ನೊರೆಗಾಫಿ.
ಸ್ವಲ್ಪ ತಣ್ಣಗಿತ್ತು.
ಲಿವಿಯೊ ಪಕ್ಕದಲ್ಲೇ ನಿಂತಿದ್ದ,
ಮುಖದಲ್ಲೊಂದು ಸಣ್ಣ ಆಸೆ.
ಬಾಯಿ ತೆರೆದೆ. ಹೊರಗೆ ಯಾರದೋ ಕೊಡೆ
ಚೌಕದುದ್ದಕ್ಕೂ ಉರುಳಿಕೊಂಡು ಹೋಯಿತು.
‘ಚೆನ್ನಾಗಿದೆ’ ಅಂದೆ.
ಬಿಲ್ಲು ತರಲು ಹೋದ.